ರೋಗಾಣುವಿಲ್ಲದ ಜ್ವರ

ಜ್ವರ ಬಂತೆಂದರೆ ಅದಕ್ಕೊಂದು ಕಾರಣ ಇರಲೇಬೇಕು ಎಂಬುದು ಎಲ್ಲರ ನಂಬಿಕೆ. ಸೊಳ್ಳೆ ಕಚ್ಚಿರಬೇಕು, ಕುಡಿದ ನೀರು ಕೆಟ್ಟಿರಬೇಕು, ಇಲ್ಲವೇ ಮಳೆಯಲ್ಲಿ ನೆನೆದಿರಬೇಕು. (ಮಳೆಯಲ್ಲಿ ನೆನೆದ ಮಾತ್ರಕ್ಕೆ ಜ್ವರ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಮನೆಯ ಅಜ್ಜಿಯರು ಒಪ್ಪುವುದಿಲ್ಲ. ಆ ಮಾತು ಇನ್ನೊಂದು ವಾರಕ್ಕಿರಲಿ.) ವೈದ್ಯರೂ ಹೀಗೆಯೇ ಯೋಚಿಸುತ್ತಾರೆ. ಮಲೇರಿಯಾ ಇದೆಯೇ, ಟೈಫಾಯಿಡ್ ಇದೆಯೇ, ಕ್ಷಯದ ಗುರುತೇನಾದರೂ ಇದೆಯೇ ಎಂದು ಒಂದೊಂದಾಗಿ ಹುಡುಕುತ್ತಾರೆ. ನೂರಕ್ಕೆ ತೊಂಬತ್ತು ಸಲ ಯಾವುದೋ ಒಂದು ರೋಗಾಣು ಕೈಗೆ ಸಿಗುತ್ತದೆ ಅಥವಾ ಜ್ವರ ತಾನಾಗಿಯೇ ಇಳಿಯುತ್ತದೆ.

ರೋಗಾಣು ಸಿಗಲಿಲ್ಲ, ಜ್ವರವೂ ಇಳಿಯಲಿಲ್ಲ ಎಂದಾದರೆ?

ಅಮೆರಿಕದಲ್ಲಿ ಅರವತ್ತು ದಾಟಿದ ಒಬ್ಬ ಗಂಡಸನ್ನು ಕಲ್ಪಿಸಿಕೊಳ್ಳಿ. ಇದು ಯಾರೋ ಒಬ್ಬರ ಕಥೆಯಲ್ಲ. ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದ ಅನೇಕ ರೋಗಿಗಳನ್ನು ಸೇರಿಸಿ ಬರೆದ ಚಿತ್ರ. ನಿವೃತ್ತಿಯವರೆಗೆ ಗಟ್ಟಿಮುಟ್ಟಾಗಿದ್ದವರು. ಒಂದು ದಿನ ಜ್ವರ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಚರ್ಮದ ಮೇಲೆ ನೋವಿನ ಕೆಂಪು ಗಂಟುಗಳೇಳುತ್ತವೆ. ಕಿವಿ ಕೆಂಪಾಗಿ ಊದಿಕೊಳ್ಳುತ್ತದೆ. ವಿಚಿತ್ರವೆಂದರೆ, ಕೆಳಗಿನ ಮೆತ್ತನೆಯ ಹಾಲೆ ಮಾತ್ರ ಎಂದಿನಂತೆಯೇ ಇರುತ್ತದೆ. ಹೊರಕಿವಿಯ ಉಳಿದ ಭಾಗದಲ್ಲೆಲ್ಲ ಮೃದ್ವಸ್ಥಿ ಇದೆ, ಹಾಲೆಯಲ್ಲಿ ಇಲ್ಲ. ಉರಿಯುತ್ತಿರುವುದು ಮೃದ್ವಸ್ಥಿ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಉಸಿರಾಡುವುದು ಕಷ್ಟವಾಗುತ್ತದೆ. ರಕ್ತಹೀನತೆ ತಲೆದೋರುತ್ತದೆ.

ಚರ್ಮರೋಗ ತಜ್ಞರು ಒಂದು ಹೆಸರು ಹೇಳುತ್ತಾರೆ. ಸಂಧಿವಾತ ತಜ್ಞರು ಮೃದ್ವಸ್ಥಿಯ ಉರಿಯೂತ ಎಂದು ಇನ್ನೊಂದು ಹೆಸರು ಕೊಡುತ್ತಾರೆ. ರಕ್ತರೋಗ ತಜ್ಞರು ಅಸ್ಥಿಮಜ್ಜೆಯ ಕಾಯಿಲೆ ಎನ್ನುತ್ತಾರೆ. ಯಾರ ಮಾತೂ ಸುಳ್ಳಲ್ಲ. ಆನೆಯ ಕಾಲು ಮುಟ್ಟಿದವರು ಕಂಬವೆಂದರು, ಕಿವಿ ಮುಟ್ಟಿದವರು ಮೊರವೆಂದರು; ಇಲ್ಲಿಯೂ ಹಾಗೆಯೇ ಆಯಿತು. ಎಲ್ಲರೂ ಕೊಡುವ ಔಷಧಿ ಮಾತ್ರ ಒಂದೇ, ಸ್ಟೀರಾಯ್ಡ್. ಅದನ್ನು ಹೆಚ್ಚು ಕೊಟ್ಟರೆ ಜ್ವರ ಇಳಿಯುತ್ತದೆ, ಕಡಿಮೆ ಮಾಡಿದರೆ ಮರಳುತ್ತದೆ. ಹೀಗೆಯೇ ವರ್ಷಗಳು ಕಳೆಯುತ್ತವೆ. ಮನೆಯವರಿಗೆ ಉಳಿಯುವುದು ದಪ್ಪನೆಯ ಒಂದು ಫೈಲು ಮತ್ತು ಉತ್ತರವಿಲ್ಲದ ಒಂದು ಪ್ರಶ್ನೆ.

ಆ ಪ್ರಶ್ನೆಗೆ 2020ರಲ್ಲಿ ಉತ್ತರ ಸಿಕ್ಕಿತು. ಸಿಕ್ಕ ರೀತಿಯನ್ನು ವಿಜ್ಞಾನದ ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದುಕೊಳ್ಳಬೇಕು.

ಮೊದಲು ಒಂದು ಹಳೆಯ ಪಾಠ. ಶರೀರದ ರಕ್ಷಣೆಗೆ ಎರಡು ಪಡೆಗಳಿವೆ. ಒಂದು, ಹುಟ್ಟಿನಿಂದಲೇ ಸಿದ್ಧವಾಗಿರುವ ಸಹಜ ಪಡೆ. ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಮುಂತಾದ ಬಿಳಿ ರಕ್ತಕಣಗಳು ಈ ಪಡೆಯವು. ಹೊರಗಿನದು ಏನೇ ಕಂಡರೂ ಕೂಡಲೇ ಮೇಲೆ ಬೀಳುತ್ತವೆ. ಗುರುತು ಪರಿಚಯ ಕೇಳುತ್ತ ಕೂರುವುದಿಲ್ಲ. ಇನ್ನೊಂದು, ಕಲಿತು ಬೆಳೆಯುವ ಪಡೆ. ಇದರಲ್ಲಿರುವ ಲಿಂಫೋಸೈಟುಗಳು ಶತ್ರುವಿನ ಮುಖ ನೆನಪಿಟ್ಟುಕೊಂಡು, ಅದಕ್ಕೆ ತಕ್ಕ ಪ್ರತಿಕಾಯಗಳನ್ನು ತಯಾರಿಸುತ್ತವೆ. ಲಸಿಕೆ ಕೆಲಸ ಮಾಡುವುದು ಈ ಎರಡನೆಯ ಪಡೆಯ ನೆನಪಿನಿಂದ.

ಎರಡನೆಯ ಪಡೆ ದಾರಿತಪ್ಪಿ ಸ್ವಂತ ಶರೀರವನ್ನೇ ಶತ್ರುವೆಂದು ಭಾವಿಸಿದರೆ ಬರುವ ಕಾಯಿಲೆಗಳ ಹೆಸರನ್ನು ಬಹಳ ಜನ ಕೇಳಿರುತ್ತಾರೆ. ರುಮಟಾಯ್ಡ್ ಸಂಧಿವಾತ, ಲೂಪಸ್ ಇತ್ಯಾದಿ. ಇವುಗಳಿಗೆ ಆಟೋಇಮ್ಯೂನ್ ರೋಗಗಳೆಂದು ಹೆಸರು. ಆದರೆ ಮೊದಲನೆಯ ಪಡೆ, ಯಾರನ್ನೂ ಶತ್ರುವೆಂದು ತಿಳಿಯದೆ, ಕಾರಣವಿಲ್ಲದೆ ಸುಮ್ಮನೆ ಗುಂಡು ಹಾರಿಸತೊಡಗಿದರೆ? ಅಲ್ಲಿ ಪ್ರತಿಕಾಯಗಳಿಲ್ಲ, ರೋಗಾಣುವೂ ಇಲ್ಲ, ಬರೀ ಉರಿಯೂತ. ಇಂಥವು ಆಟೋಇನ್‌ಫ್ಲಮೇಟರಿ ರೋಗಗಳು, ಅಂದರೆ ಸ್ವಯಂ ಉರಿಯೂತದ ರೋಗಗಳು. ಎರಡು ಹೆಸರುಗಳೂ ಕೇಳಲು ಅಕ್ಕತಂಗಿಯರಂತಿವೆ, ಆದರೆ ಮನೆ ಬೇರೆ ಬೇರೆ.

ಈ ಎರಡನೆಯ ಹೆಸರನ್ನು 1999ರಲ್ಲಿ ಬಳಕೆಗೆ ತಂದವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡಾ. ಡೇನಿಯಲ್ ಕಾಸ್ಟ್ನರ್ ಮತ್ತು ಸಂಗಡಿಗರು. ಅವರು ಆ ಸಂಸ್ಥೆಗೆ ಸೇರಿದ್ದು 1985ರಲ್ಲಿ. ಹೊಸದರಲ್ಲೇ ಅವರ ಬಳಿಗೆ ಅರ್ಮೇನಿಯ ಮೂಲದ ರೋಗಿಯೊಬ್ಬರು ಬಂದರು. ಅವರಿಗೆ ಇದ್ದದ್ದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಜನರಲ್ಲಿ ಕುಟುಂಬದಿಂದ ಕುಟುಂಬಕ್ಕೆ ಹರಿದುಬರುವ, ಕೆಲವು ದಿನ ಕಾಡಿ ತಾನಾಗಿ ಇಳಿಯುವ ಜ್ವರ. ಅದರ ಬೆನ್ನು ಹತ್ತಿದ ಕಾಸ್ಟ್ನರ್ 1997ರಲ್ಲಿ ಇತರರೊಂದಿಗೆ ಸೇರಿ ಅದಕ್ಕೆ ಕಾರಣವಾದ ಜೀನನ್ನು ಗುರುತಿಸಿದರು. (ಆ ಜ್ವರಕ್ಕೆ ಕೊಡುವ ಕಾಲ್ಚಿಸಿನ್ ಎಂಬ ಔಷಧಿ ಕೇಸರಿ ಹೂವಿನಂತೆಯೇ ಕಾಣುವ ಒಂದು ಯುರೋಪಿನ ಗಿಡದಿಂದ ಬಂದದ್ದು. ನಮ್ಮ ಬೇಲಿಗಳ ಮೇಲೆ ಮಳೆಗಾಲದಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲೂ ಅದೇ ವಸ್ತುವಿದೆ. ಅಳತೆ ತಪ್ಪಿದರೆ ಅದು ಕಡು ವಿಷ. ಮಕ್ಕಳು ಮುಟ್ಟುವ ಸಾಹಸ ಬೇಡ.) 2021ರಲ್ಲಿ ಕಾಸ್ಟ್ನರ್ ಅವರಿಗೆ ಸ್ವೀಡನ್ನಿನ ಕ್ರಾಫೋರ್ಡ್ ಪ್ರಶಸ್ತಿ ಸಂದಿತು.

ಇಂಥ ಖ್ಯಾತಿಯ ಸಂಸ್ಥೆಗೆ ದೇಶದ ಮೂಲೆ ಮೂಲೆಗಳಿಂದ ಹೆಸರಿಲ್ಲದ ಜ್ವರದವರು ಬರುವುದು ಸಹಜ. ಆದರೆ ಅವರಲ್ಲಿ ಅನೇಕರಿಗೆ ಅಲ್ಲಿಯೂ ಉತ್ತರ ಸಿಗುತ್ತಿರಲಿಲ್ಲ. ಸಾಮಾನ್ಯವಾಗಿ ಸಂಶೋಧಕರು ಒಂದೇ ಬಗೆಯ ಲಕ್ಷಣಗಳಿರುವ ರೋಗಿಗಳನ್ನು ಒಟ್ಟುಗೂಡಿಸಿ, ಅವರೆಲ್ಲರಲ್ಲಿ ಕೆಟ್ಟಿರುವ ಜೀನ್ ಯಾವುದೆಂದು ಹುಡುಕುತ್ತಾರೆ. ಇಲ್ಲಿ ಆ ದಾರಿ ನಡೆಯಲಿಲ್ಲ. ಒಬ್ಬರಿಗೆ ಕಿವಿ, ಇನ್ನೊಬ್ಬರಿಗೆ ಶ್ವಾಸಕೋಶ, ಮತ್ತೊಬ್ಬರಿಗೆ ಚರ್ಮ. ಯಾರನ್ನು ಯಾರ ಜೊತೆ ಸೇರಿಸುವುದು?

ಕಾಸ್ಟ್ನರ್ ಅವರ ಪ್ರಯೋಗಾಲಯದಲ್ಲಿದ್ದ ಡೇವಿಡ್ ಬೆಕ್ ಎಂಬ ತರುಣ ವೈದ್ಯರು ಲೆಕ್ಕವನ್ನು ತಿರುಗಿಸಿ ಹಾಕಿದರು. ರೋಗಲಕ್ಷಣಗಳನ್ನು ಬದಿಗಿಟ್ಟು, ಜೀನುಗಳಿಂದಲೇ ಆರಂಭಿಸಿದರೆ ಹೇಗೆ? ಜೀವಕೋಶದೊಳಗೆ ಯೂಬಿಕ್ವಿಟಿನ್ ಎಂಬ ವ್ಯವಸ್ಥೆಯೊಂದಿದೆ, ಉರಿಯೂತವನ್ನು ಹತೋಟಿಯಲ್ಲಿಡುವುದರಲ್ಲಿ ಅದರ ಪಾತ್ರ ದೊಡ್ಡದು ಎಂಬುದು ಆಗಲೇ ತಿಳಿದಿತ್ತು. ಅದಕ್ಕೆ ಸಂಬಂಧಿಸಿದ 800ಕ್ಕೂ ಹೆಚ್ಚು ಜೀನುಗಳ ಪಟ್ಟಿ ಮಾಡಿಕೊಂಡರು. ಕಾರಣ ತಿಳಿಯದ ಜ್ವರ ಮತ್ತು ಉರಿಯೂತದಿಂದ ನರಳುತ್ತಿದ್ದ, ಅಥವಾ ಯಾವ ಗುಂಪಿಗೂ ಸೇರದ ಕಾಯಿಲೆಯಿದ್ದ 2,500ಕ್ಕೂ ಹೆಚ್ಚು ಜನರ ಜೀನುಗಳ ವಿವರಗಳು ಕಂಪ್ಯೂಟರಿನಲ್ಲಿದ್ದವು. ಅವುಗಳಲ್ಲಿ ಈ ಪಟ್ಟಿಯ ಜೀನುಗಳನ್ನು ಮಾತ್ರ ಸೋಸಿ ನೋಡಿದರು.

ಮೂವರು ಸಿಕ್ಕರು. ಮೂವರೂ ಗಂಡಸರು, ಮೂವರೂ ವಯಸ್ಸಾದವರು. ಯುಬಿಎ-1 ಎಂಬ ಒಂದೇ ಜೀನಿನ ಒಂದೇ ಜಾಗದಲ್ಲಿ ಮೂವರಿಗೂ ಅಕ್ಷರ ತಪ್ಪಿತ್ತು.

ಇಲ್ಲೊಂದು ಒಗಟು. ಪಿಯುಸಿ ಜೀವಶಾಸ್ತ್ರ ಓದುವವರು ಸ್ವಲ್ಪ ನಿಂತು ಯೋಚಿಸಬೇಕಾದದ್ದು. ಯುಬಿಎ-1 ಜೀನ್ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಗಂಡಸಿಗೆ ಎಕ್ಸ್ ಒಂದೇ, ಇನ್ನೊಂದು ವೈ. ಹಾಗಿದ್ದ ಮೇಲೆ ಆ ಜಾಗದಲ್ಲಿ ಒಂದೋ ಸರಿಯಾದ ಅಕ್ಷರವಿರಬೇಕು, ಇಲ್ಲವೇ ತಪ್ಪಾದದ್ದು. ಆದರೆ ಈ ಮೂವರ ರಕ್ತದಲ್ಲಿ ಸರಿ, ತಪ್ಪು ಎರಡೂ ಅಕ್ಷರಗಳು ಕಾಣುತ್ತಿದ್ದವು. ಒಂದೇ ಪ್ರತಿಯಿರುವ ಪುಸ್ತಕದಲ್ಲಿ ಒಂದೇ ಪದವನ್ನು ಎರಡು ರೀತಿ ಅಚ್ಚು ಹಾಕಲು ಸಾಧ್ಯವೇ?

ಸಾಧ್ಯ, ಪುಸ್ತಕಗಳೇ ಎರಡು ಬಗೆಯವಿದ್ದರೆ. ಅಂದರೆ ಅವರ ಕೆಲವು ಜೀವಕೋಶಗಳಲ್ಲಿ ಸರಿಯಾದ ಬರಹವಿತ್ತು, ಇನ್ನು ಕೆಲವುಗಳಲ್ಲಿ ತಪ್ಪಾದದ್ದು. ಚರ್ಮದ ಕೋಶಗಳನ್ನು ಬೆಳೆಸಿ ನೋಡಿದರೆ ಅಲ್ಲಿ ತಪ್ಪೇ ಇರಲಿಲ್ಲ. ತಪ್ಪು ಇದ್ದದ್ದು ರಕ್ತದಲ್ಲಿ, ಅದನ್ನು ತಯಾರಿಸುವ ಅಸ್ಥಿಮಜ್ಜೆಯಲ್ಲಿ. ರಕ್ತದಲ್ಲಿಯೂ ಲಿಂಫೋಸೈಟುಗಳು ಹೆಚ್ಚಾಗಿ ಶುದ್ಧವಾಗಿದ್ದವು. ನ್ಯೂಟ್ರೋಫಿಲ್ಲಿನಂಥ ಸಹಜ ಪಡೆಯ ಕೋಶಗಳಲ್ಲಿ ತಪ್ಪು ತುಂಬಿತ್ತು. ಹುಟ್ಟುವಾಗ ಈ ಗಂಡಸರ ಜೀನುಗಳು ಸರಿಯಾಗಿಯೇ ಇದ್ದವು. ನಡುವಯಸ್ಸು ದಾಟುವಾಗ ಎಂದೋ, ಮಜ್ಜೆಯ ಒಂದು ಮೂಲಕೋಶದಲ್ಲಿ ನಕಲು ಮಾಡುವಾಗ ಒಂದಕ್ಷರ ತಪ್ಪಿತು. ಆ ಕೋಶದ ಸಂತತಿ ಬೆಳೆದು ಮಜ್ಜೆಯನ್ನು ಆವರಿಸಿಕೊಂಡಿತು. ಉತ್ಪರಿವರ್ತನೆ ಎಂದರೆ ತಂದೆತಾಯಿಯಿಂದ ಬರುವುದು ಎಂದು ಉತ್ತರಪತ್ರಿಕೆಯಲ್ಲಿ ಬರೆಯುವ ಮಕ್ಕಳು ಈ ಉದಾಹರಣೆಯನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಮತ್ತೆ ಹುಡುಕಿದಾಗ ಇಂಥವರು 25 ಮಂದಿ ಸಿಕ್ಕರು. ಎಲ್ಲರೂ ಗಂಡಸರೇ. ರೋಗ ಆರಂಭವಾದಾಗ ಅವರ ವಯಸ್ಸು 45ರಿಂದ 80ರವರೆಗೆ ಇತ್ತು. 2020ರ ಅಕ್ಟೋಬರಿನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ವರದಿ ಬಂತು. ಆ ವೇಳೆಗೆ 25ರಲ್ಲಿ ನೂರಕ್ಕೆ 40ರಷ್ಟು ಮಂದಿ ತೀರಿಕೊಂಡಿದ್ದರು.

ಒಂದಕ್ಷರ ತಪ್ಪಿದ್ದಕ್ಕೆ ಇಷ್ಟು ದೊಡ್ಡ ಅನಾಹುತವೇ? ಇದನ್ನು ತಿಳಿಯಲು ಯೂಬಿಕ್ವಿಟಿನ್ ಮಾಡುವ ಕೆಲಸವನ್ನು ನೋಡಬೇಕು. ರಸ್ತೆ ಅಗಲ ಮಾಡುವಾಗ ಕೆಡವಬೇಕಾದ ಕಟ್ಟಡಗಳ ಗೋಡೆಗೆ ಕೆಂಪು ಬಣ್ಣದಿಂದ ಗುರುತು ಹಾಕಿ ಹೋಗುತ್ತಾರಲ್ಲವೇ? ಜೀವಕೋಶದಲ್ಲಿ ಹಳತಾದ, ಹಾಳಾದ, ಕೆಲಸ ಮುಗಿದ ಪ್ರೋಟೀನುಗಳಿಗೆ ಬೀಳುವ ಅಂಥ ಗುರುತೇ ಯೂಬಿಕ್ವಿಟಿನ್. ಇದು 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಗುರುತು ಬಿದ್ದದ್ದನ್ನು ಕೋಶದ ಕತ್ತರಿಯಂತ್ರ ಚೂರು ಮಾಡುತ್ತದೆ. ಈ ವ್ಯವಸ್ಥೆಯನ್ನು ಕಂಡುಹಿಡಿದ ಇಸ್ರೇಲಿನ ಆರೋನ್ ಸಿಯೆಕನೋವರ್, ಅವ್ರಾಮ್ ಹರ್ಷ್ಕೋ ಮತ್ತು ಅಮೆರಿಕದ ಇರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಗುರುತು ಹಾಕುವ ಕೆಲಸ ಮೂರು ಕೈಗಳಲ್ಲಿ ನಡೆಯುತ್ತದೆ. ಇ-1, ಇ-2, ಇ-3 ಎಂಬ ಮೂರು ಬಗೆಯ ಕಿಣ್ವಗಳು. ಬಣ್ಣದ ಡಬ್ಬಿಯ ಮುಚ್ಚಳ ತೆಗೆದು ಕೊಡುವವನು ಇ-1. ಇ-3ಗಳು ನೂರಾರು ಇವೆ, ಒಬ್ಬ ರಜೆ ಹಾಕಿದರೆ ಊರೇನೂ ಮುಳುಗುವುದಿಲ್ಲ. ಆದರೆ ಮನುಷ್ಯರಲ್ಲಿ ಯೂಬಿಕ್ವಿಟಿನ್ನಿಗೆ ಇ-1ಗಳು ಎರಡೇ. ಅವುಗಳಲ್ಲಿ ಬಹುಪಾಲು ಕೆಲಸ ಮಾಡುವುದು ಈ ಯುಬಿಎ-1.

ತಪ್ಪು ಬಿದ್ದ ಜಾಗವೂ ಸಾಮಾನ್ಯದ್ದಲ್ಲ. ಪ್ರೋಟೀನನ್ನು ಹೆಣೆಯುವಾಗ ಕೋಶಕ್ಕೆ 'ಇಲ್ಲಿಂದ ಶುರು ಮಾಡು' ಎಂಬ ಗುರುತು ಬೇಕು. ಎ-ಯು-ಜಿ ಎಂಬ ಆ ಮೂರಕ್ಷರ ಮೆಥಿಯೋನೀನ್ ಎಂಬ ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಯುಬಿಎ-1ರಲ್ಲಿ ಎರಡು ಕಡೆ ಈ ಶುರುವಿನ ಗುರುತಿದೆ. ಮೊದಲನೆಯದರಿಂದ ಆರಂಭವಾದ ಉದ್ದನೆಯ ಕಿಣ್ವ ಕೋಶಕೇಂದ್ರದಲ್ಲಿ ದುಡಿಯುತ್ತದೆ. 41ನೆಯ ಸ್ಥಾನದಲ್ಲಿರುವ ಎರಡನೆಯ ಗುರುತಿನಿಂದ ಆರಂಭವಾದ, ತುಸು ಗಿಡ್ಡನೆಯ ಕಿಣ್ವ ಕೋಶದ್ರವ್ಯದಲ್ಲಿ ದುಡಿಯುತ್ತದೆ. ರೋಗಿಗಳಲ್ಲಿ ಅಳಿಸಿಹೋಗಿದ್ದು ಈ 41ನೆಯ ಗುರುತು. ಅದು ಕಾಣದ ಕೋಶ ಮುಂದೆ ಮುಂದೆ ಹೋಗಿ 67ನೆಯ ಸ್ಥಾನದಲ್ಲಿ ಸಿಗುವ ಮತ್ತೊಂದು ಮೆಥಿಯೋನೀನಿನಿಂದ ಹೆಣೆಯತೊಡಗುತ್ತದೆ. ಪಾಠದ ಮೊದಲ ಪುಟ ಹರಿದುಹೋಗಿದ್ದರೆ ಹುಡುಗನೊಬ್ಬ ಕೈಗೆ ಸಿಕ್ಕ ಪುಟದಿಂದಲೇ ಓದಿಕೊಂಡು ಪರೀಕ್ಷೆಗೆ ಹೋದ ಹಾಗೆ. ಹಾಗೆ ಹುಟ್ಟಿದ ಕಿಣ್ವ ಹೆಸರಿಗೆ ಮಾತ್ರ ಕಿಣ್ವ, ಕೆಲಸಕ್ಕೆ ಬಾರದು. ಕೋಶದ್ರವ್ಯದಲ್ಲಿ ಹಾಳಾದ ಪ್ರೋಟೀನುಗಳು ರಾಶಿ ಬೀಳುತ್ತವೆ. ಇದರಿಂದ ಗಾಬರಿಗೊಂಡ ಬಿಳಿ ರಕ್ತಕಣಗಳು ಉರಿಯೂತದ ಸಂದೇಶಗಳನ್ನು ಎಡೆಬಿಡದೆ ಹೊರಡಿಸುತ್ತವೆ. ಈ ತರ್ಕ ನಿಜವೇ ಎಂದು ಜೀಬ್ರಾ ಮೀನುಗಳಲ್ಲಿ ಅದಕ್ಕೆ ಸಮನಾದ ಜೀನನ್ನು ಕೆಡಿಸಿ ನೋಡಿದರು. ಮೀನುಗಳ ಮೈಯಲ್ಲೂ ಉರಿಯೂತ ಹಬ್ಬಿತು.

ರೋಗಕ್ಕೆ 'ವೆಕ್ಸಾಸ್' ಎಂದು ಹೆಸರಿಟ್ಟರು. ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳು ಸೇರಿ ಆದ ಹೆಸರು: ವ್ಯಾಕ್ಯುಯೋಲ್ ಅಂದರೆ ಕೋಶದೊಳಗಿನ ರಸದಾನಿಗಳು, ಇ-1 ಕಿಣ್ವ, ಎಕ್ಸ್ ವರ್ಣತಂತು, ಆಟೋಇನ್‌ಫ್ಲಮೇಟರಿ, ಮತ್ತು ಸೊಮ್ಯಾಟಿಕ್, ಎಂದರೆ ಹುಟ್ಟಿದ ಮೇಲೆ ದೇಹಕೋಶಗಳಲ್ಲಿ ಆದದ್ದು. ಇಡೀ ರೋಗದ ಚರಿತ್ರೆಯೇ ಹೆಸರಿನಲ್ಲಿದೆ. ಕಂಡುಹಿಡಿದವರ ಹೆಸರನ್ನು ರೋಗಕ್ಕೆ ಅಂಟಿಸುವ ಹಳೆಯ ಪದ್ಧತಿಗಿಂತ ಇದು ಮೇಲು.

ಈಗ ವೈದ್ಯರು ಇದನ್ನು ಪತ್ತೆ ಮಾಡುವುದು ಹೇಗೆ? ಐವತ್ತು ದಾಟಿದ ಗಂಡಸು, ಸ್ಟೀರಾಯ್ಡ್ ಇಳಿಸಿದಾಗಲೆಲ್ಲ ಮರಳುವ ಜ್ವರ, ಚರ್ಮ, ಮೃದ್ವಸ್ಥಿ ಅಥವಾ ಶ್ವಾಸಕೋಶದ ಉರಿಯೂತ. ಇವುಗಳ ಜೊತೆಗೆ ಒಂದು ಅಗ್ಗದ ಸುಳಿವು ಎಲ್ಲ ಊರಿನ ಲ್ಯಾಬಿನಲ್ಲೂ ಮಾಡುವ ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಇದೆ. ಕಬ್ಬಿಣದ ಕೊರತೆಯಿಂದ ಬರುವ ರಕ್ತಹೀನತೆಯಲ್ಲಿ ಕೆಂಪು ಕಣಗಳು ಸಣ್ಣದಾಗುತ್ತವೆ. ವೆಕ್ಸಾಸ್‌ನಲ್ಲಿ ಅವು ದೊಡ್ಡದಾಗಿರುತ್ತವೆ. ಬಿ-12 ಜೀವಸತ್ವ ಕಡಿಮೆಯಾದರೂ ಹೀಗಾಗುವುದುಂಟು, ಆದ್ದರಿಂದ ಅದನ್ನು ಮೊದಲು ನೋಡಿ ಬಿಡಬೇಕು. ಬಳಿಕ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಎಳೆಯ ರಕ್ತಕೋಶಗಳಲ್ಲಿ ಇಲಿ ಕೊರೆದ ತೂತುಗಳಂತೆ ರಸದಾನಿಗಳು ಕಾಣುತ್ತವೆ. ರಸದಾನಿಗಳು ಬೇರೆ ಕಾರಣಗಳಿಂದಲೂ ಬರಬಹುದು. ತಾಮ್ರದ ಕೊರತೆ, ಅತಿಯಾದ ಮದ್ಯಪಾನ ಅಂಥವು. ಕೊನೆಯ ತೀರ್ಪು ಕೊಡುವುದು ರಕ್ತದಲ್ಲಿ ಯುಬಿಎ-1 ಜೀನನ್ನು ಓದುವ ಪರೀಕ್ಷೆ. ಆ ಪರೀಕ್ಷೆಗೆ ರಕ್ತವನ್ನೋ ಮಜ್ಜೆಯನ್ನೋ ಕಳುಹಿಸಬೇಕು. ಚರ್ಮದ ಕೋಶ ಕಳುಹಿಸಿದರೆ ಎಲ್ಲವೂ ಸರಿಯಿದೆ ಎಂಬ ಉತ್ತರ ಬಂದೀತು.

ಹೆಂಗಸರಿಗೆ ಇದು ಬಹಳ ಅಪರೂಪ. ಅವರಲ್ಲಿ ಎಕ್ಸ್ ಎರಡಿರುವುದರಿಂದ ಒಂದು ಕೆಟ್ಟರೆ ಇನ್ನೊಂದು ಸಂಭಾಳಿಸುತ್ತದೆ. ರೋಗ ಕಂಡ ಹೆಂಗಸರಲ್ಲಿ ಕೆಲವರ ಮಜ್ಜೆಯ ಕೋಶಗಳು ಒಂದು ಎಕ್ಸ್ ಕಳೆದುಕೊಂಡಿದ್ದವು.

ಇಷ್ಟೆಲ್ಲ ಓದಿದ ಮೇಲೆ ಮನೆಯ ಹಿರಿಯರಿಗೆ ಜ್ವರ ಬಂದ ಕೂಡಲೇ ವೆಕ್ಸಾಸ್ ಎಂದು ಗಾಬರಿಯಾಗುವುದು ಬೇಡ. ಈ ರೋಗ ಎಷ್ಟು ಅಪರೂಪ ಎಂಬುದಕ್ಕೆ ಒಂದು ಲೆಕ್ಕ 2023ರಲ್ಲಿ ಸಿಕ್ಕಿತು. ಅಮೆರಿಕದ ಪೆನ್ಸಿಲ್ವೇನಿಯಾದ ಗೈಸಿಂಗರ್ ಆರೋಗ್ಯ ಸಂಸ್ಥೆಯಲ್ಲಿ 1,63,096 ಜನರ ಜೀನುಗಳ ದಾಖಲೆಯಿತ್ತು. ಅದರಲ್ಲಿ ಈ ತಪ್ಪು ಇದ್ದವರು 11 ಮಂದಿ, 9 ಗಂಡಸರು ಮತ್ತು 2 ಹೆಂಗಸರು. ಹನ್ನೊಂದು ಜನರಿಗೂ ರಕ್ತಹೀನತೆ ಇತ್ತು. ಐವತ್ತು ದಾಟಿದ ಗಂಡಸರಲ್ಲಿ ಸುಮಾರು 4,269 ಜನರಿಗೆ ಒಬ್ಬರಂತೆ ಎಂದು ಲೆಕ್ಕ ಹಾಕಿದರು. ಅಲ್ಲಿದ್ದವರು ಬಹುಪಾಲು ಯುರೋಪಿಯನ್ ಮೂಲದವರು. ಆ ಅಂಕಿಯನ್ನು ಭಾರತಕ್ಕೆ ಹಾಗೆಯೇ ಅನ್ವಯಿಸಲಾಗದು. ಇಲ್ಲಿ ತಿಂಗಳುಗಟ್ಟಲೆ ಜ್ವರವಿದ್ದರೆ ವೈದ್ಯರು ಮೊದಲು ಕ್ಷಯವನ್ನು ಹುಡುಕುವುದೇ ಸರಿ. ಅಪರೂಪದ್ದನ್ನು ಹುಡುಕುವ ಭರದಲ್ಲಿ, ಗುಣವಾಗುವ ಸಾಮಾನ್ಯ ರೋಗ ಕೈತಪ್ಪಬಾರದು. ಹಾಗೆಂದು ಎಲ್ಲ ಪರೀಕ್ಷೆಗಳೂ ಮುಗಿದು ಏನೂ ಸಿಗದಿದ್ದಾಗ 'ವಯಸ್ಸಾಯಿತು, ಇದೆಲ್ಲ ಇದ್ದದ್ದೇ' ಎಂದು ಕೈಬಿಡುವುದೂ ಸರಿಯಲ್ಲ. ಪೆನ್ಸಿಲ್ವೇನಿಯಾದ ಆ ಹನ್ನೊಂದು ಜನ ಆಸ್ಪತ್ರೆಗೆ ಹೋಗಿ ಬರುತ್ತಿದ್ದವರೇ.

ಚಿಕಿತ್ಸೆಯ ವಿಷಯದಲ್ಲಿ ಸತ್ಯವನ್ನೇ ಹೇಳಬೇಕು: ಸುಲಭದ ಮದ್ದಿಲ್ಲ. ಸ್ಟೀರಾಯ್ಡ್ ಉರಿಯನ್ನು ಆರಿಸುತ್ತದೆ, ಆದರೆ ದೊಡ್ಡ ಪ್ರಮಾಣದಲ್ಲಿ ವರ್ಷಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಸೋಂಕುಗಳಿಗೆ ಬಾಗಿಲು ತೆರೆಯುತ್ತದೆ. ಆದ್ದರಿಂದ ಉರಿಯೂತದ ಸಂದೇಶ ಕೋಶದೊಳಗೆ ಸಾಗುವ ದಾರಿಯನ್ನೇ ತಡೆಯುವ ರುಕ್ಸೊಲಿಟಿನಿಬ್‌ನಂಥ ಗುಳಿಗೆಗಳನ್ನೂ, ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕವನ್ನು ಕಟ್ಟಿಹಾಕುವ ಟೊಸಿಲಿಜುಮ್ಯಾಬ್ ಎಂಬ ಚುಚ್ಚುಮದ್ದನ್ನೂ ಬಳಸಿ ಸ್ಟೀರಾಯ್ಡ್ ಇಳಿಸಲು ಪ್ರಯತ್ನಿಸುತ್ತಾರೆ. ಇವು ಹೊಗೆಯನ್ನು ತಡೆಯುತ್ತವೆ, ಒಲೆ ಉರಿಯುತ್ತಲೇ ಇರುತ್ತದೆ. ಒಲೆಗೇ ಕೈಹಾಕುವ ಔಷಧಿ ಅಜಾಸಿಟಿಡೀನ್. ಮಜ್ಜೆಯ ಬೇರೆ ಕಾಯಿಲೆಗಳಿಗಾಗಿ ಮೊದಲೇ ಇದ್ದದ್ದು. ಕೆಲವರಲ್ಲಿ ಇದು ತಪ್ಪು ಬರಹದ ಕೋಶಗಳ ಸಂಖ್ಯೆಯನ್ನೇ ಇಳಿಸಿದೆ.

ಬುಡಸಮೇತ ಗುಣಪಡಿಸುವ ದಾರಿ ಸದ್ಯಕ್ಕೆ ಒಂದೇ. ರೋಗಿಯ ಮಜ್ಜೆಯನ್ನು ಔಷಧಿಗಳಿಂದ ಬರಿದು ಮಾಡಿ, ಹೊಂದಿಕೆಯಾಗುವ ಇನ್ನೊಬ್ಬರ ಮೂಲಕೋಶಗಳನ್ನು ಕೊಡುವುದು. ಹೊಸ ಕೋಶಗಳು ನೆಲೆನಿಂತರೆ ತಪ್ಪು ಬರಹ ಮಾಯವಾಗುತ್ತದೆ, ರೋಗವೂ. ಆದರೆ ಎಪ್ಪತ್ತರ ದೇಹಕ್ಕೆ ಆ ಚಿಕಿತ್ಸೆಯೇ ಪ್ರಾಣಾಪಾಯ ತರಬಹುದು. 41ನೆಯ ಸ್ಥಾನದಲ್ಲಿ ಮೆಥಿಯೋನೀನಿನ ಬದಲು ಬಂದು ಕುಳಿತದ್ದು ಯಾವುದು ಎಂಬುದನ್ನೂ ವೈದ್ಯರು ನೋಡುತ್ತಾರೆ. ವ್ಯಾಲೀನ್ ಬಂದವರಲ್ಲಿ ರೋಗ ಹೆಚ್ಚು ಉಗ್ರ. ಯಾರಿಗೆ ಕಸಿ, ಯಾರಿಗೆ ಗುಳಿಗೆ ಎಂಬ ನಿರ್ಧಾರವನ್ನು ರಕ್ತರೋಗ ತಜ್ಞರು ಮತ್ತು ಸಂಧಿವಾತ ತಜ್ಞರು ಒಟ್ಟಿಗೆ ಕುಳಿತು ಮಾಡಬೇಕು. ಮೊದಲು ಆನೆಯ ಒಂದೊಂದು ಅಂಗ ಹಿಡಿದುಕೊಂಡು ನಿಂತಿದ್ದವರು ಇವರೇ ತಾನೇ.

2020ರ ವರದಿ ಬಂದ ಮೇಲೆ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಹಳೆಯ ಮಜ್ಜೆಯ ಸ್ಲೈಡುಗಳನ್ನೂ, ಶೀತಪೆಟ್ಟಿಗೆಯಲ್ಲಿ ಕಾಪಿಟ್ಟ ರಕ್ತದ ಮಾದರಿಗಳನ್ನೂ ಹೊರತೆಗೆದು ಮತ್ತೆ ನೋಡಿದರು. ಬೇರೆ ಬೇರೆ ಹೆಸರು ಹೊತ್ತಿದ್ದ ಎಷ್ಟೋ ರೋಗಿಗಳು ವೆಕ್ಸಾಸ್‌ನವರೆಂದು ಆಗ ಗೊತ್ತಾಯಿತು. ಕೆಲವರಿಗೆ ಆ ಹೆಸರು ಸಿಕ್ಕಿದ್ದು ಅವರು ತೀರಿಕೊಂಡ ಮೇಲೆ.

ರೋಗದ ಹೆಸರು ಕೇಳಿದೊಡನೆ ಯಾವ ತಂದೆಗಾದರೂ ಮೊದಲು ಬರುವ ಯೋಚನೆ, ಇದು ಮಕ್ಕಳಿಗೂ ಬರುತ್ತದೆಯೇ ಎಂಬುದು. ಈ ರೋಗದಲ್ಲಿ ವೈದ್ಯರು ನೆಮ್ಮದಿಯಿಂದ ಕೊಡಬಹುದಾದ ಉತ್ತರ ಅದೊಂದೇ. ತಪ್ಪು ಇರುವುದು ಮಜ್ಜೆಯಲ್ಲಿ, ವೀರ್ಯಾಣುವಿನಲ್ಲಲ್ಲ. ಮಜ್ಜೆಯ ಬರಹವನ್ನು ಯಾರೂ ಮಕ್ಕಳಿಗೆ ಕೊಡುವುದಿಲ್ಲ. ಆ ಮಕ್ಕಳು ಹುಟ್ಟುವ ಹೊತ್ತಿಗಂತೂ ತಂದೆಯ ಮೈಯಲ್ಲಿ ಆ ಅಕ್ಷರ ಬಹುಶಃ ಇನ್ನೂ ತಪ್ಪಿಯೇ ಇರಲಿಲ್ಲ.